ರಾಜ್ಯ: ರೈಲ್ವೆ

ಹೋದ ತಿಂಗಳು ನಾನು ನನ್ನ ಕೈಯಾರೆ ‘ಕರ್ನಾಟಕ’ ಎಂಬ ಪದವನ್ನು ಹೊಡೆದುಹಾಕಿದೆ.

ಹೌದು, ನವೆಂಬರ್ ತಿಂಗಳಲ್ಲೇ! ಬಸ್ ಸ್ಟ್ಯಾಂಡಿನ ಕೆಂಪು-ಹಳದಿ ಬಾವುಟ ಇನ್ನೂ ಇಳಿದಿರಲಿಲ್ಲ. ಮೂವತ್ತೊಂದು ವರ್ಷ ಬೇಲೂರಿನಲ್ಲಿ ಕನ್ನಡ ಮೇಡಂ ಆಗಿದ್ದವಳು, ಒಂದನೇ ತಾರೀಖು ತಾನೇ ಶಾಲೆಯ ವೇದಿಕೆ ಹತ್ತಿ ಇಪ್ಪತ್ತು ನಿಮಿಷ ನಾಡು-ನುಡಿಯ ಭಾಷಣ ಬಿಗಿದವಳು, ಎರಡು ವಾರ ಕಳೆಯುವಷ್ಟರಲ್ಲಿ ಇಂಥ ಕೆಲಸ ಮಾಡಿದೆ. ಹೊಡೆದುಹಾಕಿದ್ದಷ್ಟೇ ಅಲ್ಲ, ಪಕ್ಕದಲ್ಲಿ ಸಹಿ ಬೇರೆ ಹಾಕಿದೆ.

ತಾಳಿ, ಬೈಯಬೇಡಿ. ಪೂರ್ತಿ ಕೇಳಿ.

ರಿಟೈರ್ ಆದಮೇಲೆ ನಾನು ಹಳೇಬೀಡಿಗೆ ಬಂದು ಬಸ್ತಿಹಳ್ಳಿ ರಸ್ತೆಯಲ್ಲಿ ಮನೆ ಮಾಡಿಕೊಂಡಿರುವುದು ನಿಮಗೆ ಗೊತ್ತು. (ಈ ಅಂಕಣದಲ್ಲಿ ಆ ಮನೆಯ ನಲ್ಲಿಯ ಬಗ್ಗೆಯೇ ಮೂರು ಸಲ ಬರೆದಿದ್ದೇನೆ.) ಎದುರು ಮನೆಯ ಹುಡುಗಿ ಸಹನಾ, ಒಂಬತ್ತನೇ ಕ್ಲಾಸು. ಅಮ್ಮ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಮಂಜಣ್ಣ ಅರಸೀಕೆರೆಯಲ್ಲಿ ರೈಲ್ವೆ ಕೀಮನ್, ಅಂದರೆ ದಿನಾ ಹಳಿಯ ಮೇಲೆ ಮೈಲಿಗಟ್ಟಲೆ ನಡೆದು ಬೋಲ್ಟು, ಕೀಲು ಎಲ್ಲ ಬಿಗಿಯಾಗಿವೆಯೇ ಎಂದು ನೋಡುವ ಕೆಲಸ. ವಾರವೆಲ್ಲ ಅಲ್ಲಿ, ರಜೆಗೆ ಇಲ್ಲಿ. ಅಮ್ಮನಿಗೆ ಟ್ರಾನ್ಸ್‌ಫರ್ ಆಗುವ ತನಕ ಎಲ್ಲರೂ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲೇ ಇದ್ದವರು. ಸಹನಾ ಗೈಡ್ಸ್ ಸೇರಿದ್ದು ಅಲ್ಲೇ. ಸ್ಕೌಟ್ಸ್ ಹುಡುಗರಿಗೆ, ಗೈಡ್ಸ್ ಹುಡುಗಿಯರಿಗೆ, ಅದೇ ಗೈಡ್ಸು. ಊರು ಬಿಟ್ಟರೂ ಗೈಡ್ಸ್ ಬಿಡಲಿಲ್ಲ ಹುಡುಗಿ. ಭಾನುವಾರ ಬೆಳಗಾದರೆ ಸ್ಕಾರ್ಫ್ ಕಟ್ಟಿಕೊಂಡು ಅರಸೀಕೆರೆ ಬಸ್ ಹತ್ತುತ್ತಾಳೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ, ಅದರ ಕೆಳಗೆ ಇವಳ ಬ್ಯಾಡ್ಜುಗಳ ಸಾಲು.

ಒಂದು ಸಂಜೆ ನಾನು ಹುರುಳಿಕಾಳು ಆರಿಸುತ್ತಾ ಕೂತಿದ್ದೆ. ಹುಡುಗಿ ಬಂದಳು, ಕೈಯಲ್ಲಿ ಫಾರಂ.

“ಮಿಸ್, ಒಂದು ಸಹಿ ಬೇಕಿತ್ತು.”

“ಯಾತಕ್ಕೇ?”

“ರಾಜ್ಯ ಪುರಸ್ಕಾರ ಟೆಸ್ಟ್ ಕ್ಯಾಂಪಿಗೆ. ನಾವು ಹುಲಿಕೆರೆ ಕೊಳದ ಹತ್ರ ಕ್ಲೀನ್ ಮಾಡಿದ್ವಲ್ಲ, ಅದು ನಿಜ ಅಂತ ಊರಿನ ಹಿರಿಯರೊಬ್ಬರು ಬರ್ದು ಕೊಡಬೇಕಂತೆ.”

ನಿಜವೇ. ಹುಲಿಕೆರೆಯ ಆ ಹೊಯ್ಸಳರ ಕಾಲದ ಕೊಳದ ಸುತ್ತ ಇವಳೂ ಇವಳ ಗೆಳತಿಯರೂ ಮೂರು ಗೋಣಿಚೀಲ ತುಂಬ ಚಿಪ್ಸ್ ಕವರು, ನೀರಿನ ಬಾಟಲಿ ಆರಿಸಿದ್ದರು. ನಾನು ಮಜ್ಜಿಗೆ ಡಬ್ಬಿ ಹಿಡಿದು ಕಲ್ಲಿನ ಮೆಟ್ಟಿಲ ಮೇಲೆ ಕೂತು ಮೇಲ್ವಿಚಾರಣೆ ಮಾಡಿದ್ದೆ. (ಅಂದರೆ ಏನೂ ಮಾಡಿರಲಿಲ್ಲ.)

ಸಹಿ ಹಾಕಿ ಕಳಿಸಬಹುದಿತ್ತಲ್ಲವೇ? ಬೇರೆ ಯಾರಾದರೂ ಆಗಿದ್ದರೆ ಹಾಗೇ ಮಾಡುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡೆ, ಪೆನ್ನು ತೆಗೆದೆ. ಯಾವ ಪೆನ್ನು? ಇನ್ನಾವುದು, ಕೆಂಪು ಪೆನ್ನು. ಪಿಂಚಣಿ ಬರಲು ಶುರುವಾದರೂ ಅದು ಇನ್ನೂ ಬ್ಯಾಗಿನಿಂದ ರಿಟೈರ್ ಆಗಿಲ್ಲ.

ಮೇಲಿನಿಂದ ಓದಿದೆ. ಹೆಸರು, ಸರಿ. ವಿಳಾಸ, ಸರಿ. ‘ತೃತಿಯ ಸೋಪಾನ’ (ಗೈಡ್ಸಿನಲ್ಲಿ ಮೂರನೇ ಮೆಟ್ಟಿಲು) ಎಂದಿತ್ತು, ದೀರ್ಘ ಹಾಕಿದೆ. ಆಮೇಲೆ ಬಂತು ನೋಡಿ. ರಾಜ್ಯ ಎಂಬ ಕಾಲಮ್ಮಿನ ಎದುರು ದುಂಡಗೆ ಬರೆದಿದ್ದಳು: ರೈಲ್ವೆ.

ನನಗೆ ನಗು ತಡೆಯಲಾಗಲಿಲ್ಲ.

“ಏನೇ ಇದು? ರೈಲ್ವೆ ಯಾವಾಗ ರಾಜ್ಯ ಆಯ್ತೇ? ಮುಖ್ಯಮಂತ್ರಿ ಯಾರು, ಸ್ಟೇಷನ್ ಮಾಸ್ಟರಾ?”

“ಅಲ್ಲ ಮಿಸ್, ನಮ್ಮದು...”

“ಏನು ಅಲ್ಲ? ನೀನಿರೋದೆಲ್ಲಿ?”

“ಹಳೇಬೀಡು.”

“ಹಳೇಬೀಡು ಎಲ್ಲಿದೆ?”

“ಕರ್ನಾಟಕದಲ್ಲಿ ಮಿಸ್. ಆದ್ರೆ...”

“ಆದ್ರೆ-ಗೀದ್ರೆ ಇಲ್ಲ. ಒಂಬತ್ತನೇ ಕ್ಲಾಸಿಗೆ ಬಂದು ರಾಜ್ಯ ಯಾವುದು ಅಂತ ಗೊತ್ತಿಲ್ಲ ಅಂದ್ರೆ ನಗ್ತಾರೆ ಕಣೇ!”

ಒಂದೇ ಗೆರೆ. ರೈಲ್ವೆ ಹೋಯಿತು. ಅದರ ಮೇಲೆ ಮುದ್ದಾಗಿ ‘ಕರ್ನಾಟಕ’ ಎಂದು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟೆ. ಹುಡುಗಿ ಸುಮ್ಮನಾದಳು. ಮಕ್ಕಳು ಸುಮ್ಮನಾದರೆ ಒಪ್ಪಿಕೊಂಡರು ಎಂದೇ ನಾವು ಟೀಚರುಗಳು ತಿಳಿಯುವುದು.

ಹೊರಡುವಾಗ “ಥ್ಯಾಂಕ್ಸ್ ಮಿಸ್” ಎಂದು ಕೈ ಚಾಚಿದಳು. ಎಡಗೈ!

“ಏಯ್, ದೊಡ್ಡೋರಿಗೆ ಎಡಗೈ ಕೊಡ್ತಾರೇನೇ? ಬಲಗೈಗೇನಾಗಿದೆ?”

ಬಿಸಿ ಪಾತ್ರೆ ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡು ಬಲಗೈ ಕೊಟ್ಟಳು. ಹತ್ತು ನಿಮಿಷದಲ್ಲಿ ಎರಡು ತಪ್ಪು ತಿದ್ದಿದೆ! ಆ ದಿನ ಹುರುಳಿ ಬಸ್ಸಾರಿಗೆ ಎರಡು ಮುದ್ದೆ ಜಾಸ್ತಿ ಇಳಿದವು.

ಮುಂದಿನ ಗುರುವಾರ ಬೆಳಗ್ಗೆ ಗೇಟಿನ ಹತ್ತಿರ, ರಜೆಗೆ ಬಂದಿದ್ದ ಮಂಜಣ್ಣ ನಿಂತಿದ್ದರು. ಗೇಟು ತೆರೆದಿದ್ದರೂ ಒಳಗೆ ಬರಲಿಲ್ಲ.

“ಮೇಡಂ, ತಪ್ಪು ತಿಳ್ಕಬೇಡಿ. ಕ್ಯಾಂಪ್ ಲಿಸ್ಟಲ್ಲಿ ಮಗಳ ಹೆಸ್ರೇ ಇಲ್ಲ.”

“ಯಾಕ್ರೀ?”

“ಫಾರಮ್ಮಲ್ಲಿ ಕರ್ನಾಟಕ ಅಂತ ಐತಂತೆ. ಇದು ರೈಲ್ವೇದಲ್ಲ ಅಂತ ಅರಸೀಕೆರೆ ಊರಿನ ಸ್ಕೌಟ್ ಆಫೀಸಿನ ಫಾರಂ ಕಟ್ಟಿಗೆ ಸೇರಿಸ್ಬಿಟ್ಟವ್ರೆ. ನಮ್ ಸ್ಕೌಟಲ್ಲಿ ರೈಲ್ವೇನೇ ಒಂದು ರಾಜ್ಯ ಕಣಮ್ಮ.”

ನಾನು ಕನ್ನಡಕ ತೆಗೆದು ಸೆರಗಿಗೆ ಒರೆಸಿದೆ.

“ಶನಿವಾರ ಲಿಸ್ಟ್ ಕ್ಲೋಸು. ಈ ಸಲ ತಪ್ಪಿದ್ರೆ ಮುಂದಿನ ವರ್ಷ ಎಸೆಸೆಲ್ಸಿ, ಕ್ಯಾಂಪು-ಗೀಂಪು ಬೇಡ ಅಂತ ಇವ್ಳಮ್ಮ ಈಗ್ಲೇ ಹೇಳವ್ಳೆ. ಇರ್ಲಿ ಬಿಡಿ, ನೀವು ಒಳ್ಳೇದಕ್ಕೇ ಮಾಡಿದ್ರಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದುರು ಮನೆಯ ಬಾಗಿಲ ಸಂದಿಯಲ್ಲಿ ಯೂನಿಫಾರಂ ಹಾಕಿಕೊಂಡ ಸಹನಾ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟೂ ಕಾಣಲಿಲ್ಲ. ಮೂರು ವರ್ಷ, ಭಾನುವಾರದ ನಿದ್ದೆ ಬಿಟ್ಟು ಬಸ್ ಹತ್ತಿದ ಹುಡುಗಿ. ನನ್ನ ಒಂದು ಗೆರೆಗೆ ಎಲ್ಲ ಹೋಗುವುದೇ? ನನಗೆ ನಿಜಕ್ಕೂ ನಾಚಿಕೆಯಾಯಿತು.

“ನೀನು ಸ್ಕೂಲಿಗೆ ಹೋಗೇ,” ಎಂದು ಇಲ್ಲಿಂದಲೇ ಕೂಗಿದೆ. “ನಾನು ಕೆಡಿಸಿದ್ದು, ನಾನೇ ಸರಿ ಮಾಡ್ಕೊಂಡು ಬರ್ತೀನಿ.”

ಮಂಜಣ್ಣನ ಜೊತೆ ಅರಸೀಕೆರೆ ಬಸ್ ಹತ್ತಿದೆ. ಹೆಂಗಸರ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ತೋರಿಸಬೇಕಲ್ಲ, ತೆಗೆದರೆ ಅದರಲ್ಲೂ ‘ಕರ್ನಾಟಕ’ ಎಂದೇ ಇದೆ, ಅಣಕಿಸುವ ಹಾಗೆ. ಕಂಡಕ್ಟರು ಕಾರ್ಡು ನೋಡಿ, ನನ್ನ ಮುಖ ನೋಡಿ, ಹಲ್ಲು ಬಿಟ್ಟ.

“ಮಿಸ್, ಗುರ್ತು ಸಿಗ್ಲಿಲ್ವಾ? ಬೇಲೂರಲ್ಲಿ ನಿಮ್ ಸ್ಟೂಡೆಂಟು, ಕೊನೇ ಬೆಂಚು. ‘ಬತ್ತೀನಿ ಮಿಸ್’ ಅಂದಿದ್ದಕ್ಕೆ ಪೀರಿಯಡ್ ಪೂರ್ತಿ ನಿಲ್ಸಿದ್ರಿ!”

“ಈಗ ಏನಂತೀಯೋ?”

“ಬತ್ತೀನಿ ಅಂತ್ಲೇ. ನಿಮ್ ಮುಂದೆ ಮಾತ್ರ ಬರ್ತೀನಿ,” ಎಂದು ಸೀಟಿ ಊದಿದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಜಾವಗಲ್ ದಾಟುವ ತನಕ ಆ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅವನ ಮನೆಯಲ್ಲಿ, ಬೀದಿಯಲ್ಲಿ, ಹೊಲದಲ್ಲಿ ಎಲ್ಲರೂ ಬತ್ತೀನಿ ಎಂದೇ ಅನ್ನುವುದು. ಅವನನ್ನು ನಿಲ್ಲಿಸಿದ್ದು ಯಾತಕ್ಕೆ?

ಅರಸೀಕೆರೆಯ ಸ್ಕೌಟ್ ಆಫೀಸೆಂದರೆ ಹಳೇ ಶಾಲೆಯೊಂದರ ಹಿಂದಿನ ಕೋಣೆ. ಮೂಲೆಯಲ್ಲಿ ಬಿದಿರು ಕೋಲುಗಳ ರಾಶಿ, ಗೋಡೆಗೆ ತೂಗುಹಾಕಿದ ಹಗ್ಗಗಳು. ಅಲ್ಲಿ ರಂಗಪ್ಪ ಮೇಷ್ಟ್ರು, ಊರಿನ ಹಿರಿಯ ಸ್ಕೌಟ್ ಮಾಸ್ಟರ್. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಬಾವುಟದ ಕಂಬದ ಹಾಗೆ ನೆಟ್ಟಗಿದೆ. ನನ್ನನ್ನು ಕಂಡವರೇ ಎದ್ದು ನಿಂತು ಕೈ ಚಾಚಿದರು.

ಎಡಗೈ.

ನಾನು ಕಕ್ಕಾಬಿಕ್ಕಿ. “ಬಲಗೈಗೆ ಏನಾಯ್ತು ಸಾರ್, ಪೆಟ್ಟಾಯ್ತಾ?”

“ಏನೂ ಆಗಿಲ್ಲ ಮೇಡಂ,” ಎಂದು ಗಟ್ಟಿಯಾಗಿ ನಕ್ಕರು. “ಪ್ರಪಂಚದಲ್ಲಿ ಎಲ್ಲೇ ಹೋದ್ರೂ ಸ್ಕೌಟು, ಗೈಡು ಎಡಗೈನೇ ಕೊಡೋದು. ಹಿಂದೆ ಯುದ್ಧದಲ್ಲಿ ಗುರಾಣಿ ಹಿಡೀತಿದ್ದಿದ್ದು ಎಡಗೈಲಿ. ಎಡಗೈ ಕೊಟ್ಟೆ ಅಂದ್ರೆ ಗುರಾಣಿ ಕೆಳಗಿಟ್ಟೆ, ನಿನ್ನ ನಂಬಿದೀನಿ ಅಂತ. ನಮ್ಮಲ್ಲಿ ಹಂಗೇ ಹೇಳಿಕೊಡೋದು.”

ಬಿಸಿ ಪಾತ್ರೆ ಮುಟ್ಟಿದಂತೆ ಹಿಂದಕ್ಕೆ ಹೋದ ಆ ಪುಟ್ಟ ಕೈ ನೆನಪಾಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಸಂಜೆ ಅವಳು ಮಾಡಿದ್ದ ಎರಡೂ ‘ತಪ್ಪು’ ಸರಿಯಾಗಿದ್ದವು. ನಾನು ತಿದ್ದಿದ್ದ ಎರಡೂ ತಪ್ಪಾಗಿದ್ದವು. ಮೇಷ್ಟ್ರಿಗೆ ಎಡಗೈ ಕೊಟ್ಟೆ. ಕೊಡುವಾಗ ಏನೋ ಒಂಥರಾ ಆಯಿತು, ಸುಳ್ಳು ಯಾಕೆ ಹೇಳಲಿ.

“ಸಾರ್, ಈ ರೈಲ್ವೆ ಹೆಂಗೆ ರಾಜ್ಯ ಆಯ್ತು, ಅದನ್ನ ಹೇಳಿ ಮೊದ್ಲು,” ಎಂದೆ.

ಸ್ಕೌಟ್ ಮಾಸ್ಟರನ್ನು ಇತಿಹಾಸ ಕೇಳಬಾರದು. ಕೇಳಿದರೆ ಕೂತು ಕೇಳಬೇಕು. ಕೂತೆ.

“ಮೈಸೂರು ಸಂಸ್ಥಾನದಲ್ಲಿ ಮಹಾರಾಜರ ಕಾಲದಲ್ಲೇ ಸ್ಕೌಟ್ ಇತ್ತು ಮೇಡಂ. ನಮ್ಮಪ್ಪ ಚಡ್ಡಿ ಹಾಕ್ಕೊಂಡು ಸೆಲ್ಯೂಟ್ ಹೊಡೆದಿದ್ರು. ಆಗ ಮದ್ರಾಸ್ ಕಡೆಯೋರ್ದು ಬೇರೆ, ಬೊಂಬಾಯಿ ಕಡೆಯೋರ್ದು ಬೇರೆ, ನಿಜಾಮರ ಕಡೆಯೋರ್ದು ಬೇರೆ, ಕೊಡಗಿನೋರ್ದು ಬೇರೆ. ಆಮೇಲೆ ರಾಜ್ಯ ಒಂದಾಯ್ತಲ್ಲ, ಕನ್ನಡದ ಮಕ್ಕಳೆಲ್ಲ ಒಂದೇ ರಾಜ್ಯದ ಸ್ಕೌಟಾದ್ರು. ಶಾಲೇಲಿ ಒಂದು ತಂಡ, ತಾಲ್ಲೂಕಿಗೊಂದು ಸಂಸ್ಥೆ, ಜಿಲ್ಲೆಗೊಂದು, ಮೇಲೆ ಬೆಂಗಳೂರಲ್ಲಿ ರಾಜ್ಯದ್ದು. ಮೆಟ್ಟಿಲು ಮೆಟ್ಟಿಲು.”

“ಸರಿ, ರೈಲ್ವೆ?”

“ರೈಲಿಗೆ ಗಡಿ ಎಲ್ಲೈತೆ? ಇವತ್ತು ಅರಸೀಕೆರೆ, ನಾಳೆ ಇನ್ನೆಲ್ಲೋ ಟ್ರಾನ್ಸ್‌ಫರ್. ಆ ಮಕ್ಕಳು ಪ್ರತಿ ಸಲ ರಾಜ್ಯ ಬದಲಾಯಿಸ್ಕೊಂಡು ಕೂರಕ್ಕಾಯ್ತದಾ? ರೈಲ್ವೇದೇ ಒಂದು ಲೆಕ್ಕ. ಒಂದೊಂದು ರೈಲ್ವೆ ವಲಯನೂ ಒಂದು ರಾಜ್ಯ, ಒಂದೊಂದು ಡಿವಿಜನ್ನೂ ಒಂದು ಜಿಲ್ಲೆ. ನಮ್ಮೂರಲ್ಲಿ ಎರಡು ರಾಜ್ಯ ಅವೆ ಮೇಡಂ. ಹಳಿಯಿಂದ ಈಚೆ ನಮ್ದು, ಆಚೆ ಅವ್ರದ್ದು. ಮಧ್ಯ ಪಾಸ್‌ಪೋರ್ಟ್ ಮಾತ್ರ ಇಲ್ಲ, ಓವರ್‌ಬ್ರಿಡ್ಜ್ ಐತೆ!”

ಇಷ್ಟು ವರ್ಷ ನಾನು ಇದೇ ಜಂಕ್ಷನ್ನಿಗೆ ಬಂದು ರೈಲು ಹತ್ತಿದ್ದೇನೆ. ಬೇಲೂರಿನ ನಮಗೆ ರೈಲು ಎಂದರೆ ಅರಸೀಕೆರೆಯೇ. ಕೊಬ್ಬರಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಸ್ಟೇಷನ್ನಿಗೆ ಓಡಿದ್ದೇನೆ. ಒಂದು ರಾಜ್ಯದ ಗಡಿ ದಾಟುತ್ತಿದ್ದೇನೆ ಎಂದು ಒಮ್ಮೆಯಾದರೂ ಗೊತ್ತಾಗಿತ್ತೇ? ಯೋಚಿಸಿ ನೋಡಿದರೆ ಇದೇನು ವಿಚಿತ್ರವಲ್ಲ. ಪೋಸ್ಟಿನವರ ಮ್ಯಾಪು ಬೇರೆ, ಕರೆಂಟಿನವರ ಮ್ಯಾಪು ಬೇರೆ, ಡೇರಿಯವರ ಮ್ಯಾಪು ಇನ್ನೂ ಬೇರೆ. ಹೆಣ್ಣು ಕೊಡುವ-ತರುವ ಮ್ಯಾಪನ್ನಂತೂ ಯಾವ ಸರ್ಕಾರವೂ ಬರೆದಿಲ್ಲ. ನಾವೆಲ್ಲ ಒಂದೇ ಜಗಲಿಯ ಮೇಲೆ ಕೂತು ಹತ್ತು ರಾಜ್ಯಗಳಲ್ಲಿ ಬದುಕುತ್ತಿರುತ್ತೇವೆ. ನನಗೆ ಗೊತ್ತಿದ್ದದ್ದು ಗೋಡೆಗೆ ನೇತುಹಾಕುವ ಮ್ಯಾಪು ಮಾತ್ರ.

ಮೇಷ್ಟ್ರು ಫಾರಂಗಳ ಕಟ್ಟು ನನ್ನ ಮುಂದಿಟ್ಟರು. ನಾನು ದಾರ ಎಳೆದೆ. ಬಿಗಿಯಾಯಿತು. ಇನ್ನೂ ಎಳೆದೆ. ಇನ್ನೂ ಬಿಗಿಯಾಯಿತು.

“ಎಳೀಬಾರ್ದು ಮೇಡಂ, ಇದು ರೀಫ್ ನಾಟ್,” ಎಂದು ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರು. ಗಂಟು ತಾನೇ ಬಿಚ್ಚಿಕೊಂಡಿತು. (ಮನೆಗೆ ಬಂದು ಮೊರದ ಮುಂದೆ ಕೂತು ಹತ್ತು ಸಲ ಅಭ್ಯಾಸ ಮಾಡಿದ್ದೇನೆ, ಇನ್ನೂ ಬಂದಿಲ್ಲ.)

ಫಾರಂ ಹುಡುಕುವುದು ಕಷ್ಟವಾಗಲಿಲ್ಲ. ಅಷ್ಟು ಹಾಳೆಗಳಲ್ಲಿ ಕೆಂಪು ಇಂಕು ಇದ್ದದ್ದು ಅದೊಂದರಲ್ಲೇ.

“ಓಹೋ, ಈ ಕೆಂಪು ನಿಮ್ದಾ?” ಎಂದರು ಮೇಷ್ಟ್ರು. “ನಾನು ತಿದ್ದಕ್ಕಾಗಲ್ಲ. ತಿದ್ದಿದೋರೇ ತಿದ್ದಿ ಸಹಿ ಹಾಕ್ಬೇಕು, ಅವಳ ಕ್ಯಾಪ್ಟನ್ ಮುಂದೆ. ನಡೀರಿ.”

ಓವರ್‌ಬ್ರಿಡ್ಜ್ ಹತ್ತಿ ಇಳಿದೆವು. ಮುಂದೆ ಮೇಷ್ಟ್ರು, ನಡುವೆ ಮಂಡಿ ಹಿಡಿದುಕೊಂಡು ನಾನು, ಹಿಂದೆ ಮಂಜಣ್ಣ. ಸಹನಾಳ ಗೈಡ್ ಕ್ಯಾಪ್ಟನ್, ಅಂದರೆ ಅವಳ ತಂಡ ನಡೆಸುವ ಸ್ಟೆಲ್ಲಾ ಮೇಡಂ, ಕೆಲಸ ಮಾಡುವುದು ಟಿಕೆಟ್ ಕೌಂಟರಿನಲ್ಲಿ. ಕ್ಯೂನಲ್ಲಿ ನಿಂತು ಕಿಟಕಿ ತಲುಪಿದೆ.

“ಎಲ್ಲಿಗೆ?” ಎಂದರು, ತಲೆ ಎತ್ತದೆ.

“ಟಿಕೆಟ್ ಬೇಡ ಮೇಡಂ. ರಾಜ್ಯ ಬದಲಾಯಿಸಬೇಕಿತ್ತು.”

ತಲೆ ಎತ್ತಿದರು. ಹಿಂದೆ ನಿಂತಿದ್ದವನೊಬ್ಬ “ಬೇಗ ಬದಲಾಯಿಸ್ಕಳಮ್ಮೋ, ಗಾಡಿ ಬತ್ತೈತೆ!” ಎಂದ. ಪಕ್ಕದಲ್ಲಿ ರಂಗಪ್ಪ ಮೇಷ್ಟ್ರನ್ನು ಕಂಡು ಸ್ಟೆಲ್ಲಾ ಮೇಡಂಗೆ ಅರ್ಥವಾಯಿತು. ಕ್ಯೂ ಕರಗಿದ ಮೇಲೆ ಹೊರಗೆ ಬಂದರು.

“ಏನ್ ಮೇಷ್ಟ್ರೇ, ನಮ್ಮ ಹುಡುಗೀನ ಕದ್ದು ಇಟ್ಕೊಂಡಿದ್ರಾ?”

“ಫಾರಂ ಜೊತೆ ಇದ್ದ ಅವಳ ಲಾಗ್ ಬುಕ್ ನೋಡ್ದೆ ಕಣಮ್ಮ, ಮಾಡಿರೋ ಕೆಲಸ ಎಲ್ಲ ಬರ್ದವ್ಳೆ. ವಾಪಸ್ ಕೊಡಕ್ಕೆ ಮನಸ್ಸೇ ಬರ್ತಿಲ್ಲ. ನಮ್ಮ ರಾಜ್ಯದಿಂದ್ಲೇ ಕಳಿಸ್ಲಾ?”

“ಆಸೆ ನೋಡಿ! ಮೂರು ವರ್ಷದ ಬ್ಯಾಡ್ಜೆಲ್ಲ ನಮ್ಮ ರಿಜಿಸ್ಟರಲ್ಲಿದೆ. ನಿಮ್ಮ ಕಡೆಯಿಂದ ಹೋದ್ರೆ ಅವಳು ಮೊದಲ್ನೇ ಮೆಟ್ಟಿಲಿಂದ ಹತ್ತಬೇಕು.”

ಮಂಜಣ್ಣ ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದರು. ಮಗಳಿಗಾಗಿ ಎರಡು ರಾಜ್ಯಗಳು ಕಿತ್ತಾಡುವುದನ್ನು ಯಾವ ಅಪ್ಪ ತಾನೇ ನೋಡಿದ್ದಾನೆ? ಬೆಳಗ್ಗೆಯಿಂದ ಮೊದಲ ಸಲ ಅವರ ಮೀಸೆಯ ಕೆಳಗೆ ನಗು ಕಂಡಿತು.

ಪ್ಲಾಟ್‌ಫಾರಂ ಬೆಂಚಿನ ಮೇಲೆ ಫಾರಂ ಇಟ್ಟುಕೊಂಡು ನಾನು ಬ್ಯಾಗಿಗೆ ಕೈ ಹಾಕಿದೆ. “ಕೆಂಪು ಬೇಡ ಮೇಡಂ, ಪ್ಲೀಸ್,” ಎಂದು ಸ್ಟೆಲ್ಲಾ ಮೇಡಂ ತಮ್ಮ ನೀಲಿ ಪೆನ್ನು ಕೊಟ್ಟರು.

‘ಕರ್ನಾಟಕ’ದ ಮೇಲೆ ಪೆನ್ನು ಇಟ್ಟಾಗ ಕೈ ಒಂದು ಕ್ಷಣ ನಿಂತಿತು. ನಗಬೇಡಿ, ನಿಮಗೂ ಹಾಗೇ ಆಗುತ್ತಿತ್ತು. ಆಮೇಲೆ ಬಾಗಿಲ ಸಂದಿಯ ಮುಖ ನೆನಪಾಯಿತು. ಗೆರೆ ಎಳೆದೆ. ಪಕ್ಕದಲ್ಲಿ ‘ರೈಲ್ವೆ’ ಎಂದು ಬರೆದು ಸಹಿ ಹಾಕಿದೆ. ‘ತೃತೀಯ’ದ ದೀರ್ಘವನ್ನು ಮಾತ್ರ ಹಾಗೇ ಬಿಟ್ಟೆ, ಅದು ನ್ಯಾಯವಾಗಿ ನನ್ನದು.

“ಈ ಗಾಡಿ ಗಾರ್ಡ್ ಕೈಲಿ ಕಳಿಸ್ತೀನಿ. ಸಂಜೆಯೊಳಗೆ ನಮ್ಮ ಮೈಸೂರು ಡಿವಿಜನ್ ಆಫೀಸಲ್ಲಿರುತ್ತೆ. ಆದ್ರೆ ಲಿಸ್ಟ್ ಮಾಡೋರು ಅವರು, ತಗೊಂಡ್ರೆ ತಗೊಂಡ್ರು,” ಎಂದರು ಸ್ಟೆಲ್ಲಾ ಮೇಡಂ. ಗಾಡಿ ಹೊರಟು ಕಣ್ಣಿಗೆ ಮರೆಯಾಗುವ ತನಕ ನಾನು ಪ್ಲಾಟ್‌ಫಾರಮ್ಮಿನಲ್ಲೇ ನಿಂತಿದ್ದೆ. ಯಾರನ್ನು ಬೀಳ್ಕೊಡುತ್ತಿದ್ದೀರಿ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಶುಕ್ರವಾರ ಸುದ್ದಿಯಿಲ್ಲ. ಶನಿವಾರ ಬೆಳಗ್ಗೆ ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದೆ. ಹನ್ನೊಂದು ಗಂಟೆಗೆ ಎದುರು ಮನೆಯಿಂದ ಒಂದು ಕಿರುಚು ಕೇಳಿಸಿತು. ಒಳ್ಳೆಯ ಕಿರುಚೋ ಕೆಟ್ಟ ಕಿರುಚೋ ಗೊತ್ತಾಗದೆ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದೆ. ಸಹನಾ ಅಮ್ಮನ ಫೋನ್ ಎತ್ತಿ ಹಿಡಿದು ಕುಣಿಯುತ್ತಿದ್ದಳು. “ಮಿಸ್, ಕೊನೇ ಹೆಸರು! ಲಿಸ್ಟಲ್ಲಿ ಕೊನೇ ಹೆಸರು ನಂದೇ!”

ಕೊನೆಯದಾದರೇನು, ಮೊದಲನೆಯದಾದರೇನು. ನಾನೂ ಸೌಟು ಸಮೇತ ಎರಡು ಹೆಜ್ಜೆ ಹಾಕಿದೆ. ನೋಡಿದವರು ನೋಡಿಕೊಳ್ಳಲಿ.

ಹೋದ ವಾರ ಹುಡುಗಿ ಕ್ಯಾಂಪ್ ಮುಗಿಸಿ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಗಂಟಲು ಕೂತಿತ್ತು. ಗಂಟುಗಳೆಲ್ಲ ಸರಿಯಾದವಂತೆ, ಫಸ್ಟ್ ಏಡ್ ಚೆನ್ನಾಗಾಯಿತಂತೆ, ಅನ್ನ ಮಾತ್ರ ಸೀದುಹೋಯಿತಂತೆ. ರಿಸಲ್ಟ್ ಇನ್ನೂ ಬರಬೇಕು. ನನಗೇನೂ ಅನುಮಾನವಿಲ್ಲ.

ನಾನು ತಯಾರಾಗಿಯೇ ಕೂತಿದ್ದೆ. ಎದ್ದು ನಿಂತು, ರಂಗಪ್ಪ ಮೇಷ್ಟ್ರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎಡಗೈ ಚಾಚಿದೆ.

ಅವಳು ಬಲಗೈ ಚಾಚಿದಳು.

ಇಬ್ಬರ ಕೈಗಳೂ ಗಾಳಿಯಲ್ಲಿ ನಿಂತವು.

“ಎಡಗೈ ಕೊಡೇ,” ಎಂದೆ. “ನೀವು ಗೈಡ್ಸ್ ಕೊಡೋದು ಅದೇ ಅಲ್ವಾ?”

“ಹೌದು ಮಿಸ್. ಆದ್ರೆ ದೊಡ್ಡೋರಿಗೆ ಎಡಗೈ ಕೊಡಬಾರ್ದು ಅಂತ ನೀವೇ ಹೇಳಿಕೊಟ್ರಲ್ಲ. ಕ್ಯಾಂಪಲ್ಲೂ ದೊಡ್ಡ ಮೇಡಂಗೆ ಬಲಗೈನೇ ಕೊಟ್ಬಿಟ್ಟೆ. ಎಲ್ರೂ ನಕ್ಕರು.”

ಅವಳೂ ನಗುತ್ತಲೇ ಹೇಳಿದಳು. ನಾನೂ ನಕ್ಕು, ಅವಳ ಎಡಗೈಯನ್ನು ನಾನೇ ಹಿಡಿದು ಕುಲುಕಿದೆ. ಅವಳು ಹೋದಮೇಲೆ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಮೇಜಿನ ಮೇಲಿಟ್ಟೆ.

ಮೂವತ್ತೊಂದು ವರ್ಷ, ವರ್ಷಕ್ಕೆ ನೂರಾರು ಮಕ್ಕಳು: ನೀವೇ ಹೇಳಿ, ‘ಯಾಕೆ ಹೀಗೆ ಬರೆದಿದ್ದೀಯ’ ಎಂದು ಒಂದು ಮಾತು ಕೇಳದೆ ನಾನು ಎಷ್ಟು ಸರಿ ಉತ್ತರಗಳನ್ನು ತಿದ್ದಿರಬಹುದು?